ತಗಡಿನ ಮನೆಯ ಹೊಳೆ

ನಮ್ಮ ಕಡೆ ಹೊಳೆ ದಾಟುವಾಗ ಕಾಸು ಹಾಕುವ ರೂಢಿ. ಬಸ್ಸು ಸೇತುವೆ ಹತ್ತಿತೆಂದರೆ ಸಾಕು, ತೂಕಡಿಸುತ್ತಿದ್ದ ಹೆಂಗಸರೂ ಎದ್ದು ಸೆರಗಿನ ಗಂಟು ಬಿಚ್ಚುತ್ತಾರೆ. ಗಂಗವ್ವನಿಗೆ ಕೊಡದೆ ದಾಟಬಾರದು. ಬಳ್ಳಾರಿಯ ಕೌಲ್ ಬಜಾರಿನ ಬಯಲಿನಲ್ಲಿ ಹೊಳೆಯ ಸಿನಿಮಾ ತೋರಿಸುವ ನಮ್ಮ ತಗಡಿನ ಶೆಡ್ಡು ಶುರುವಾದ ಮೊದಲ ಸಂಜೆ ಪರದೆಗೆ ಟಪ್ಪಂತ ಏನೋ ಬಡಿಯಿತು. ಆಮೇಲೆ ಇನ್ನೊಂದು. ಯಾರೋ ಕಲ್ಲು ಒಗೆಯುತ್ತಿದ್ದಾರೆ ಅಂದುಕೊಂಡು ನಾನು ಮಷೀನು ನಿಲ್ಲಿಸಲು ಕೈ ಚಾಚಿದೆ. ಪಕ್ಕದಲ್ಲಿದ್ದ ಶೆಡ್ಡಿನ ಧಣಿಗಳು ಬೇಡವೆಂದು ಕೈ ಹಿಡಿದರು. ಆಟ ಮುಗಿದು ಜನ ಇಳಿದ ಮೇಲೆ ನೋಡಿದರೆ ಪರದೆಯ ಬುಡದಲ್ಲಿ ಚಿಲ್ಲರೆ ಕಾಸು ಬಿದ್ದಿತ್ತು. ಜೊತೆಗೆ ಒಂದಿಷ್ಟು ಅರಿಷಿಣ ಕುಂಕುಮ, ಮಡಿಚಿದ ಎಲೆ ಅಡಿಕೆ. ಬಿಳಿ ಬಟ್ಟೆಯ ಕೆಳ ಅಂಚು ಹಳದಿಯಾಗಿತ್ತು.

ಧಣಿಗಳು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. ಅವರ ಮನೆಮಾತು ತೆಲುಗು. ಭಕ್ತಿ ಬಂದಾಗ ಅದೇ ಬರುತ್ತಿತ್ತು. "ತಲ್ಲೀ", ತಾಯೀ ಅಂತ ಕೈಮುಗಿದು, ಆ ಕಾಸನ್ನು ಗಲ್ಲಾಕ್ಕೆ ಸೇರಿಸಬೇಡಿ, ಗುಡಿಗೆ ಕೊಡಿ ಅಂದರು. ನನಗೆ ಮಾತ್ರ ಒಳಗೊಳಗೇ ಹಿಗ್ಗು. ನಾನು ತೆಗೆದ ಹೊಳೆಗೆ ಜನ ಕಾಸು ಹಾಕಿದ್ದರು. ಅದೂ ಕಪ್ಪು ಬಿಳುಪಿನ ಹೊಳೆಗೆ.

ಈ ಹೊಳೆ ಹುಟ್ಟಿದ್ದು ಹೇಗೆ ಅಂತ ಹೇಳುತ್ತೇನೆ. ಧಣಿಗಳದು ಮೊದಲು ಟೂರಿಂಗ್ ಟಾಕೀಸು. ಸಿರುಗುಪ್ಪ, ಕುರುಗೋಡು, ಆ ಸುತ್ತಿನ ಹಳ್ಳಿಗಳಲ್ಲೆಲ್ಲ ಡೇರೆ ಹೊಡೆದು ಸಿನಿಮಾ ತೋರಿಸಿದವರು. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಕೆಲವು ವರ್ಷಗಳಾಗಿದ್ದವು. ಊರೂರಿಗೂ ಗೋಡೆ ಕಟ್ಟಿದ ಟಾಕೀಸು ಎದ್ದು, ಡೇರೆಗೆ ಬರುವವರು ಕಡಿಮೆಯಾದರು. ಆಗ ಅವರು ಮದರಾಸಿನ ಒಂದು ಎಗ್ಜಿಬಿಷನ್ನಿನಲ್ಲಿ ಹೊಸ ತಮಾಷೆ ನೋಡಿ ಬಂದರು. ರೈಲಿನ ಡಬ್ಬಿಯಂಥ ಒಂದು ಕೋಣೆ. ಒಳಗೆ ಬೆಂಚು. ಎದುರಿಗೆ ಪರದೆಯ ಮೇಲೆ, ಎಂಜಿನ್ನಿನ ಮೂಗಿನಿಂದ ತೆಗೆದ ಹಳಿಯ ಚಿತ್ರ. ಕೆಳಗಿನಿಂದ ಯಾರೋ ಬೆಂಚು ಅಲುಗಿಸುತ್ತಾರೆ. ಕೂತವರಿಗೆ ತಾವೇ ರೈಲಿನಲ್ಲಿ ಹೋಗುತ್ತಿರುವಂತೆ ಅನಿಸುತ್ತದೆ.

ನಾನಾಗ ಕಂಟೋನ್ಮೆಂಟಿನಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು. ರೈಲ್ವೆಯಲ್ಲಿದ್ದ ಒಬ್ಬರು ಊರು ಬಿಟ್ಟು ಹೋಗುವಾಗ ಕೊಟ್ಟ ಹಳೆಯ ಸಿನಿಮಾ ಕ್ಯಾಮೆರಾ ಒಂದು ನನ್ನ ಹತ್ತಿರ ಇತ್ತು. ಗಡಿಯಾರದ ಹಾಗೆ ಕೀಲಿ ಕೊಡುವಂಥದ್ದು. ಪೂರ್ತಿ ಕೀಲಿ ತಿರುವಿದರೂ ಅರ್ಧ ನಿಮಿಷ ಓಡುತ್ತಿರಲಿಲ್ಲ. ಧಣಿಗಳು ಅದನ್ನು ಹುಡುಕಿಕೊಂಡು ಬಂದರು, ನನ್ನನ್ನಲ್ಲ.

ರೈಲು ಬೇಡ ಅಂದವನು ನಾನೇ. ಬಳ್ಳಾರಿಯಲ್ಲಿ ದಿನ ಬೆಳಗಾದರೆ ರೈಲಿನ ಸದ್ದಿಗೇ ಏಳುವವರು ನಾವು. ಕಾಸು ಕೊಟ್ಟು ರೈಲು ಯಾರು ನೋಡುತ್ತಾರೆ? ನಮ್ಮೂರಲ್ಲಿ ಇಲ್ಲದ್ದು ನೀರು. ಕೋಟೆ ಗುಡ್ಡದ ಬಂಡೆ ಬೇಸಿಗೆಯಲ್ಲಿ ಹಂಚಿನ ಹಾಗೆ ಕಾಯುತ್ತದೆ. ನಲ್ಲಿ ಯಾವಾಗ ಬರುತ್ತದೋ ಅಂತ ಕೊಡ ಸಾಲು ಇಟ್ಟು ಕಾಯುವ ಊರು. ಇಂಥ ಊರಿಗೆ ಹೊಳೆ ತಂದು ತೋರಿಸೋಣ, ಸಿರುಗುಪ್ಪದ ತುಂಗಭದ್ರೆಯಲ್ಲಿ ಹರಗೋಲು ಹತ್ತಿಸಿ ದಾಟಿಸೋಣ ಅಂದೆ. ಧಣಿಗಳು ತೊಡೆ ತಟ್ಟಿದರು.

ಹರಗೋಲು ನೋಡದವರಿಗೆ ಒಂದು ಮಾತು. ಬಿದಿರಿನ ಬುಟ್ಟಿ, ತಳಕ್ಕೆ ತೊಗಲು ಹೊಲಿದಿರುತ್ತಾರೆ. ದುಂಡಗಿರುತ್ತದೆ. ದೋಣಿಯಂತೆ ಅದಕ್ಕೆ ಹಿಂದು ಮುಂದು ಇಲ್ಲ. ಅಂಬಿಗ ಹುಟ್ಟು ಹಾಕುತ್ತ ಹಾಕುತ್ತ ಅದು ತನ್ನಷ್ಟಕ್ಕೆ ಸುತ್ತುತ್ತದೆ. ಈ ಸುತ್ತುವ ಗುಣವೇ ನಮ್ಮ ಕೆಲಸಕ್ಕೆ ವರವಾಯಿತು. ಅದೇ ಮುಂದೆ ಏನಾಯಿತು ಅನ್ನುವುದಕ್ಕೆ ಬರುತ್ತೇನೆ.

ಚಿತ್ರ ತೆಗೆಯಲು ಹೊರಡುವ ಹಿಂದಿನ ದಿನ ಅವ್ವ ತಡೆದಳು. ನನ್ನ ಹೆಂಡತಿಗೆ ಆಗ ಆರು ತಿಂಗಳು. ನಮ್ಮಲ್ಲಿ ಬಸುರಿ ಹೊಳೆ ದಾಟುವ ಹಾಗಿಲ್ಲ, ಬಸುರಿಯ ಗಂಡನೂ ದಾಟುವ ಹಾಗಿಲ್ಲ. ತೆಂಗಿನಕಾಯಿ ಒಡೆಯಬಾರದು, ಹೊಳೆ ದಾಟಬಾರದು. ಇವು ಅವ್ವನಿಗೆ ಅವಳ ಅತ್ತೆ ಹೇಳಿದ್ದು. ನಾನು ವಾದ ಮಾಡಲಿಲ್ಲ. ಹಿರಿಯರ ಮಾತು ನನಗೆ ಬರೀ ಮಾತಲ್ಲ. ನಾನು ಮಾತಾಡಲು ಕಲಿತದ್ದೇ ಅವ್ವ ಮತ್ತು ಅಜ್ಜಿಯ ನಡುವೆ ಮಲಗಿ ಅವರ ಸುಖ ದುಃಖ ಕೇಳುತ್ತ. ನಂಬಿಕೆಯೋ ಅಲ್ಲವೋ, ಆ ಮಾತು ಮೀರಿದರೆ ನಾಲಗೆಯನ್ನೇ ಮೀರಿದಂತೆ ಅನಿಸುತ್ತಿತ್ತು.

ಧಣಿಗಳಿಗೆ ಸಿರುಗುಪ್ಪದ ದಂಡೆಯ ಮೇಲೆ ಇದನ್ನು ಹೇಳಿದೆ. ಅವರು ಕೊಡೆ ನೆಲಕ್ಕೆ ಕುಟ್ಟಿದರು.

"ನಿನ್ನ ಹೆಂಡ್ತಿ ಬಸುರಾದ್ರ ನನ್ನ ಸಿನಿಮಾ ಹೆರಿಗಿ ಆಗಬಾರದೇನಪ್ಪಾ?"

ಅಂಬಿಗ ಮಧ್ಯೆ ಬಂದ. ವಯಸ್ಸಾದ, ಮೆತ್ತಗಿನ ಮನುಷ್ಯ. ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಧಣಿಗಳಿಗೆ ಹೇಳಿದ: "ಅವ್ರು ದಾಟ್ತೀನಂದ್ರೂ ನಾ ಒಯ್ಯಂಗಿಲ್ರಿ. ನಡುವಿನ ತನ ಹೋಗಿ ಬರೂಣು. ಅದಕ್ಕೇನು ದೋಷ ಇಲ್ಲ."

ಹಾಗೇ ಮಾಡಿದೆವು. ಬೆಳಿಗ್ಗೆ ದಂಡೆಯಿಂದ ಹೊರಟೆವು. ಬೆನ್ನಿಗೆ ದಂಡೆ, ಎದುರಿಗೆ ನೀರು, ದೂರದಲ್ಲಿ ಆ ಕಡೆಯ ಗೆರೆ. ನಾನು ಹರಗೋಲಿನೊಳಗೆ ಕುಕ್ಕರಗಾಲಿನಲ್ಲಿ ಕೂತು, ಕೂತವರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಹಿಡಿದೆ. ಕೀಲಿ ಮುಗಿಯುತ್ತ ಬಂದಾಗ "ಸುತ್ತಿಸು" ಅನ್ನುತ್ತಿದ್ದೆ. ಅಂಬಿಗ ಹುಟ್ಟಿನಿಂದ ಒಂದು ಸುತ್ತು ಹಾಕಿಸುತ್ತಿದ್ದ. ಆಕಾಶ ನೀರು ಎಲ್ಲ ಕಲಸಿಹೋಗುತ್ತಿತ್ತು. ಆ ಕಲಸಿದ ಜಾಗದಲ್ಲೇ ಮುಂದಿನ ತುಂಡು ಅಂಟಿಸಿದರೆ ನೋಡುವವರಿಗೆ ಗೊತ್ತೇ ಆಗದು. ನಡುಹೊಳೆಯ ಬಂಡೆಯ ತನಕ ಹೋದೆವು. ಅಲ್ಲೊಂದು ಸುತ್ತು. ಊಟ ಮುಗಿಸಿ, ಬಿಸಿಲು ತಿರುಗಿದ ಮೇಲೆ, ಅದೇ ಬಂಡೆಯಿಂದ ಅದೇ ದಂಡೆಗೆ ವಾಪಸು ಬರುವುದನ್ನು ತೆಗೆದೆ. ಎದುರಿಗೆ ದೊಡ್ಡದೊಂದು ಹುಣಸೆಮರ ಹತ್ತಿರ ಹತ್ತಿರ ಬರುತ್ತದೆ. ಅದರ ಬೊಡ್ಡೆ ಆನೆಯ ಕಾಲಿನಷ್ಟು ದಪ್ಪ, ಎದೆಮಟ್ಟದಲ್ಲೊಂದು ಪೊಟರೆ, ಪೊಟರೆಯಲ್ಲಿ ವಿಭೂತಿ ಬಳಿದ ಕಲ್ಲು. ಹರಗೋಲು ಕೆಸರಿಗೆ ತಾಗುತ್ತದೆ. ಮುಗಿಯಿತು.

ಹೊರಡುವಾಗ ಆ ಹುಣಸೆಮರ ನಮ್ಮ ಬೆನ್ನಿಗಿತ್ತು. ಹಾಗಾಗಿ ಚಿತ್ರದ ಶುರುವಿನಲ್ಲಿ ಅದು ಇಲ್ಲವೇ ಇಲ್ಲ. ಕೂತವರ ಕಣ್ಣಿಗೆ ಅದು ಆಚೆ ದಂಡೆಯ ಮರ.

ರೀಲು ಮದರಾಸಿಗೆ ಹೋಗಿ ತೊಳೆದು ಬಂತು. ಶೆಡ್ಡಿನಲ್ಲಿ ಲಾರಿಯ ಟ್ಯೂಬುಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ನಿಜವಾದ ಒಂದು ದೊಡ್ಡ ಹರಗೋಲು ಕೂಡಿಸಿದೆವು. ತೊಗಲಿನ ವಾಸನೆ ಹಾಗೇ ಇತ್ತು. ಹತ್ತಿ ಮಾರುಕಟ್ಟೆಯ ಇಬ್ಬರು ಹಮಾಲರು ಕೆಳಗೆ ಕೂತು ಬೊಂಬಿನಿಂದ ಮೀಟಿ ಅದನ್ನು ತೂಗುತ್ತಿದ್ದರು. ಅವರಿಗೆ ಪರದೆ ಕಾಣದು. ನಾನು ಮಷೀನಿನ ಹತ್ತಿರ ಕೂತು ಹಗ್ಗ ಜಗ್ಗಿ ಎಡ ಬಲ ಹೇಳುತ್ತಿದ್ದೆ. ಪರದೆಯ ಪಕ್ಕದಲ್ಲಿ ಒದ್ದೆ ಗೋಣಿಚೀಲ ಇಳಿಬಿಟ್ಟು ಹಿಂದಿನಿಂದ ಫ್ಯಾನು ಹಾಕುತ್ತಿದ್ದೆವು. ಬಿಸಿಲಿನಿಂದ ಒಳಗೆ ಬಂದವರ ಮುಖಕ್ಕೆ ಆ ತಂಪು ಬಡಿದ ಕೂಡಲೇ ಅವರು ಅರ್ಧ ಹೊಳೆ ದಾಟಿದಂತೆಯೇ. ನೀರಿನ ಡ್ರಮ್ಮಿಗೆ ಹಲಗೆಯಿಂದ ಬಡಿದು ಹುಟ್ಟಿನ ಸದ್ದು ಮಾಡುತ್ತಿದ್ದರು. ಹೊರಗೆ ಬೋರ್ಡು: ಹೊಳಿ ದಾಟಿ ಬರ್ರಿ.

ಜನರ ಚಂದ ಏನು ಹೇಳಲಿ. ಹತ್ತುವಾಗ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಹೆಂಗಸರು ಸೀರೆಯ ನಿರಿಗೆ ಎತ್ತಿ ಕಟ್ಟುತ್ತಿದ್ದರು. ಒಬ್ಬ ಮುದುಕ ಇಳಿದು ಹೊರಗೆ ಬಂದು, ಸಿಂಧನೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಕೇಳಿದ. ಆಚೆ ದಂಡೆಗೆ ಬಂದ ಮೇಲೆ ಸಿಂಧನೂರಿನ ಬಸ್ಸು ತಾನೇ ಹಿಡಿಯಬೇಕು. ಒಗ್ಗಾಣಿ ಮಿರ್ಚಿ ಮಾರುವವನು ಅವನ ಬೆನ್ನು ತಟ್ಟಿ, "ಅಜ್ಜಾ, ಇದು ಕೌಲ್ ಬಜಾರು, ಮೊದ್ಲು ಎರಡು ಮಿರ್ಚಿ ತಿನ್ನು, ಆಮ್ಯಾಲ ಹೋಗೂವಂತಿ" ಅಂದಿದ್ದ.

ನಗುವ ವಿಷಯ ಇಲ್ಲಿಗೆ ಮುಗಿಯಿತು.

ಹೆಂಡತಿಗೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಸುಖವಾಗಿದ್ದರು. ಶೆಡ್ಡನ್ನು ಮಳೆಗಾಲಕ್ಕೆ ಬಿಚ್ಚಿ, ಮರುವರ್ಷ ಸಂಕ್ರಾಂತಿಗೆ ಮತ್ತೆ ಎಬ್ಬಿಸಿದೆವು. ಆ ವೇಳೆಗೆ ಅದೇ ಹೊಳೆಯನ್ನು ನಾನು ಅದೆಷ್ಟು ಸಲ ದಾಟಿಸಿದ್ದೆನೋ. ಹಗ್ಗ ಜಗ್ಗುವ ಕೈಗೆ ಅದು ಬಾಯಿಪಾಠವಾಗಿತ್ತು. ನಡುಹೊಳೆಯಲ್ಲಿ ಒಂದು ಸುತ್ತು, ಆಮೇಲೆ ಆಚೆ ದಂಡೆ, ಹುಣಸೆಮರ. ಆಚೆ ದಂಡೆ ಅಂತಲೇ ನನ್ನ ಮನಸ್ಸಿನಲ್ಲೂ ಕೂತುಬಿಟ್ಟಿತ್ತು.

ನನ್ನ ತಂಗಿಯನ್ನು ಕುರುಗೋಡಿಗೆ ಕೊಟ್ಟಿದ್ದೆವು. ಗಂಡನದು ಸೈಕಲ್ ಶಾಪು, ಮಾತು ಕಡಿಮೆ, ಮನಸ್ಸು ಒಳ್ಳೆಯದು. ಮದುವೆಯಾಗಿ ಬಹಳ ವರ್ಷ ಅವಳಿಗೆ ಮಕ್ಕಳಾಗಿರಲಿಲ್ಲ. ಅವಳ ಅತ್ತೆ ದೊಡ್ಡ ಬಸವಣ್ಣನಿಗೆ ಹರಕೆ ಹೊತ್ತು, ಸೋಮವಾರ ತಪ್ಪದೆ ಬರಿಗಾಲಲ್ಲಿ ಹೋಗುತ್ತಿದ್ದರು. ಆ ಚಳಿಗಾಲದಲ್ಲಿ ತಂಗಿಗೆ ಬಸುರು ನಿಂತಿತು. ಐದು ತಿಂಗಳು ತುಂಬಿದಾಗ ಬಳ್ಳಾರಿಯ ದವಾಖಾನೆಗೆ ತೋರಿಸಲು ಗಂಡ ಹೆಂಡತಿ ಬಂದರು. ಎಲ್ಲ ಸರಿಯಿದೆ ಅಂತ ಡಾಕ್ಟರು ಹೇಳಿದ ಖುಷಿಯಲ್ಲಿ ಅವನೇ ಅವಳನ್ನು ಬಯಲಿಗೆ ಕರೆದುಕೊಂಡು ಬಂದ. ನಾನು ಒಳಗೆ ಮಷೀನಿನ ಹತ್ತಿರ ಇದ್ದೆ, ಗೊತ್ತಿರಲಿಲ್ಲ. ಆಟ ಮುಗಿದ ಮೇಲೆ ಹಿಂದಿನಿಂದ ಬಂದು ನನ್ನ ಹೆಗಲು ಮುಟ್ಟಿದಳು. ಮುಖ ತುಂಬ ನಗು.

"ಅಣ್ಣಾ, ನಿನ್ನ ಹೊಳಿ ತಣ್ಣಗೈತಿ. ನಾನೂ ಕಾಸು ಹಾಕೀನಿ ನೋಡು."

ಹದಿನೈದು ದಿನ ಆಗಿರಲಿಲ್ಲ. ಬಸುರು ಇಳಿಯಿತು. ಕುರುಗೋಡಿನಿಂದ ಬಾಡಿಗೆ ಕಾರಿನಲ್ಲಿ ಬಳ್ಳಾರಿಗೆ ಕರೆತರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಯಾಕೆ ಹೀಗಾಯಿತು ಅಂತ ಕೇಳಿದೆವು. ಕೆಲವು ಸಲ ಹೀಗಾಗುತ್ತದೆ, ಇಂಥದ್ದೇ ಅಂತ ಹೇಳಲು ಬರುವುದಿಲ್ಲ ಅಂದರು ಡಾಕ್ಟರು. ಸುಳ್ಳು ಹೇಳಲಿಲ್ಲ ಪುಣ್ಯಾತ್ಮರು. ಆದರೆ ಹೊಟ್ಟೆ ಬರಿದಾದವರಿಗೆ ಆ ಉತ್ತರ ಹಿಡಿದುಕೊಳ್ಳಲು ಸಿಗುವಂಥದ್ದಲ್ಲ.

ಕುರುಗೋಡಿನಲ್ಲಿ ಉತ್ತರ ಸಿಕ್ಕಿತು. ಹೊಳೆ ದಾಟಿ ಬಂದೆವು ಅಂತ ಆ ದಿನ ಗಂಡನೇ ಮನೆಯಲ್ಲಿ ಖುಷಿಯಿಂದ ಹೇಳಿಕೊಂಡಿದ್ದ. ಅವನ ತಾಯಿಗೆ ಈಗ ಅದು ನೆನಪಾಯಿತು. ಬಸುರಿ ಹೊಳೆ ದಾಟಿದ್ದಾಳೆ. ಅದು ಬಟ್ಟೆಯ ಮೇಲಿನ ಹೊಳೆ ಅಂತ ಮಗ ಹೇಳಿದ್ದಕ್ಕೆ ಆಕೆ ಕೇಳಿದ್ದು ಒಂದೇ: ಹಾಗಾದರೆ ಅವಳು ಅದಕ್ಕೆ ಕಾಸು ಯಾಕೆ ಹಾಕಿದಳು, ಯಾಕೆ ಕೈಮುಗಿದಳು?

ಆಕೆಯನ್ನು ಕೆಟ್ಟವಳು ಅಂತ ನಾನು ಹೇಳುವುದಿಲ್ಲ. ಏಳನೆಯ ತಿಂಗಳಲ್ಲಿ ಬಸುರಿಗೆ ಮಾಡುವ ಕುಬಸಕ್ಕೆ ಅಂತ ಹಸಿರು ಸೀರೆ ಮೊದಲೇ ತಂದಿಟ್ಟಿದ್ದರು. ಆ ಸೀರೆ ಪೆಟ್ಟಿಗೆಯಲ್ಲಿಟ್ಟುಕೊಂಡು ಎದುರಿಗೆ ಸೊಸೆಯನ್ನು ನೋಡುವುದು ಅವರಿಂದ ಆಗಲಿಲ್ಲ. ಬೀಗರ ಹಿರಿಯರು ಸೇರಿ ಮಾತಾಡಿದರು. ಹೊಳೆ ದಾಟಿ ಹೋದದ್ದು ಉಂಟು, ವಾಪಸು ದಾಟಿ ಬಂದದ್ದು ಇಲ್ಲ. ಅವಳಿನ್ನೂ ಆಚೆ ದಂಡೆಯಲ್ಲೇ ಇದ್ದ ಹಾಗೆ. ಅದು ನಿವಾರಣೆ ಆಗುವ ತನಕ ತವರಿನಲ್ಲಿರಲಿ. ಗಂಡ ಅವಳನ್ನು ತಂದು ನಮ್ಮ ಮನೆಯಲ್ಲಿ ಬಿಟ್ಟ. ಆಮೇಲೆ ವಾರಕ್ಕೊಮ್ಮೆ ಬಳ್ಳಾರಿಗೆ ಸಾಮಾನಿಗೆ ಬಂದಾಗ ನಮ್ಮ ಬಾಗಿಲಿಗೆ ಬರುತ್ತಿದ್ದ. ಒಂದು ಪೊಟ್ಟಣ ಅಂಜೂರ ಅವ್ವನ ಕೈಗೆ ಕೊಟ್ಟು, ಒಳಗೆ ಬಾರದೆ ಹೋಗುತ್ತಿದ್ದ. ಅವಳು ಅಡಿಗೆಮನೆಯ ಬಾಗಿಲಿನಿಂದ ಅವನ ಕಾಲನ್ನಷ್ಟೇ ನೋಡುತ್ತಿದ್ದಳು.

ಧಣಿಗಳಿಗೂ ಸುದ್ದಿ ಮುಟ್ಟಿತು. ಅವರು ಅತ್ತೇಬಿಟ್ಟರು. ಆಮೇಲೆ ರೀಲನ್ನು ಹಿಂದುಮುಂದಾಗಿ ಓಡಿಸಿ ಅವಳನ್ನು ವಾಪಸು ದಾಟಿಸೋಣವೇ ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ನಾನೂ ಒಂದು ಗಳಿಗೆ ಅದನ್ನೇ ಯೋಚಿಸಿದೆ ಅಂದರೆ ನಮ್ಮೆಲ್ಲರ ಸ್ಥಿತಿ ತಿಳಿಯಿರಿ.

ತಂಗಿ ಮನೆಯಲ್ಲಿ ಎಲ್ಲ ಕೆಲಸ ಮಾಡುತ್ತಿದ್ದಳು. ನನ್ನ ಮಗಳಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು, ತೂಗಿ ಮಲಗಿಸುತ್ತಿದ್ದಳು. ಅಳುತ್ತಿರಲಿಲ್ಲ. ತಪ್ಪು ತನ್ನದು ಅಂತ ಒಪ್ಪಿಕೊಂಡು ಸುಮ್ಮನಾಗಿಬಿಟ್ಟಿದ್ದಳು. ಯಾರಾದರೂ ಸಮಾಧಾನ ಹೇಳಿದರೆ, ಇರಲಿ ಬಿಡು, ದಾಟಬಾರದಿತ್ತು, ದಾಟಿದೆ ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ತಂಗಿ ನೀರಿಗೆ ಹೋಗಿದ್ದಳು. ಅವ್ವ ಮೊರ ನಿಲ್ಲಿಸಿ ನನ್ನನ್ನು ನೋಡಿದಳು.

"ಲೇ, ನೀ ಅವತ್ತು ಹೊಳಿ ದಾಟಿದ್ದಿಲ್ಲಲ್ಲ? ನಾ ಬ್ಯಾಡ ಅಂದಿದ್ದೆ."

"ಇಲ್ಲವ್ವ. ನಡುವಿಗೆ ಹೋಗಿ ಬಂದಿದ್ವಿ."

"ಮತ್ತ ನೀನ ದಾಟಿಲ್ಲದ ಹೊಳಿನ ಆಕಿ ಹೆಂಗ ದಾಟಿದ್ಲು?"

ಅಷ್ಟು ದಿನ ಮನೆಯಲ್ಲಿ ಈ ಸಂಕಟ ನಡೆದಿತ್ತು, ಆ ಚಿತ್ರ ತೆಗೆದವನು ನಾನು, ತುಂಡು ತುಂಡು ಅಂಟಿಸಿದವನು ನಾನು. ಆದರೂ ಅದು ಹೊಳೆಯಲಿಲ್ಲ. ಜನರನ್ನು ದಾಟಿಸಿ ದಾಟಿಸಿ ನಾನೂ ದಾಟಿದವನೇ ಆಗಿಬಿಟ್ಟಿದ್ದೆ. ಒಮ್ಮೆಯೂ ಶೆಡ್ಡಿನೊಳಗೆ ಕಾಲಿಡದ ಅವ್ವನಿಗೆ ಮಾತ್ರ ಅದು ನೆನಪಿತ್ತು.

ಮರುದಿನ ಬೆಳಿಗ್ಗೆಯ ಬಸ್ಸಿಗೇ ಕುರುಗೋಡಿಗೆ ಹೋದೆ. ಅತ್ತೆಯವರು ಪಡಸಾಲೆಯಲ್ಲಿ ಕೂಡಿಸಿ ನೀರು ಕೊಟ್ಟರು. ನಾನು ಎಲ್ಲ ಹೇಳಿದೆ. ಹೊರಟದ್ದು ಎಲ್ಲಿಂದ, ತಿರುಗಿದ್ದು ಎಲ್ಲಿ, ಇಳಿದದ್ದು ಎಲ್ಲಿ. ಆಕೆ ಪೂರ್ತಿ ಕೇಳಿದರು. ಕೊನೆಗೆ ಅಂದರು, "ತಮ್ಮಾ, ತಂಗಿ ಸಲುವಾಗಿ ನೀ ಏನರ ಹೇಳ್ತಿ. ನಾ ಆದ್ರೂ ಹೇಳ್ತಿದ್ನಿ. ನನ್ನ ಕಣ್ಣಿಗಿ ತೋರ್ಸು."

ಅದಕ್ಕೆ ಆಕೆಯನ್ನೂ ಮಗನನ್ನೂ ಬಳ್ಳಾರಿಗೆ ಕರೆತಂದೆ. ಬೇರೆ ಯಾರನ್ನೂ ಹತ್ತಿಸಲಿಲ್ಲ. ಅಷ್ಟು ದೊಡ್ಡ ಹರಗೋಲಿನಲ್ಲಿ ಆ ಹೆಂಗಸು ಒಬ್ಬರೇ ನಡುವೆ ಕೂತರು. ಮಗ ಬಾಗಿಲಲ್ಲಿ ನಿಂತ. ಫ್ಯಾನು ಬೇಡ, ಡ್ರಮ್ಮಿನ ಸದ್ದು ಬೇಡ ಅಂತ ನಾನು ಹೇಳಿದ್ದೆ. ಆದರೆ ಕೆಳಗಿನ ಹಮಾಲರಿಗೆ ಯಾರೂ ಹೇಳಿರಲಿಲ್ಲವೋ ಏನೋ, ಅವರು ತೂಗಿದರು. ನಡುಹೊಳೆ ಬಂದಾಗ ಆಕೆಯ ಕೈ ಸೆರಗಿನ ಗಂಟಿಗೆ ಹೋಯಿತು. ಬಿಚ್ಚಲಿಲ್ಲ. ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತರು. ಹುಣಸೆಮರ ಹತ್ತಿರ ಬಂತು, ಪೊಟರೆ ಬಂತು, ವಿಭೂತಿಯ ಕಲ್ಲು ಬಂತು. ಇನ್ನೊಮ್ಮೆ ಹಾಕು ಅಂದರು. ಇನ್ನೊಮ್ಮೆ ಹಾಕಿದೆ. ಎರಡನೆಯ ಸಲ ಆ ಕಲ್ಲನ್ನೇ ನೋಡಿದರು.

ಅಲ್ಲಿಂದ ನೇರ ಸಿರುಗುಪ್ಪದ ಬಸ್ಸು. ದಾರಿಯುದ್ದಕ್ಕೂ ಭತ್ತದ ಗದ್ದೆ, ಕಾಲುವೆ. ದಂಡೆಗೆ ಇಳಿದಾಗ ಅಂಬಿಗ ಹರಗೋಲನ್ನು ಕವುಚಿ ಹಾಕಿ ತೊಗಲಿಗೆ ಎಣ್ಣೆ ಸವರುತ್ತಿದ್ದ. ನಾನು ಆಕೆಯನ್ನು ನೀರಿನ ಅಂಚಿಗೆ ಕರೆದೊಯ್ದು, ಹೊಳೆಗೆ ಮುಖ ಮಾಡಿ ನಿಲ್ಲಿಸಿದೆ. ಇಲ್ಲಿಂದ ಹೊರಟಿದ್ದು ಅಂದೆ. ದೂರದ ಗೆರೆ, ನಡುವಿನ ಬಂಡೆ, ಎಲ್ಲ ಪರದೆಯ ಮೇಲಿದ್ದ ಹಾಗೇ ಇತ್ತು. ಈಗ ಹಿಂದಕ್ಕೆ ತಿರುಗಿರಿ ಅಂದೆ.

ಆಕೆ ತಿರುಗಿದರು. ಹುಣಸೆಮರ ಅಲ್ಲೇ ಇತ್ತು.

ನಡೆದು ಹೋಗಿ ಬೊಡ್ಡೆ ಮುಟ್ಟಿದರು. ಪೊಟರೆಯೊಳಗೆ ಕೈ ಹಾಕಿ ಕಲ್ಲು ಮುಟ್ಟಿ, ಬೆರಳಿಗೆ ಹತ್ತಿದ ವಿಭೂತಿಯನ್ನು ನೋಡಿಕೊಂಡರು. ಅಂಬಿಗ ಬಂದು, ಬಸುರಿಯ ಗಂಡನೆಂದು ನನ್ನನ್ನು ತಾನೇ ಆಚೆ ಒಯ್ಯಲಿಲ್ಲ ಅಂತ ಹೇಳಿದ. ಆಕೆ ಅವನ ಮಾತು ಕೇಳಿಸಿಕೊಂಡರೋ ಇಲ್ಲವೋ. ಮರದ ಬುಡದಲ್ಲಿ ಕೂತರು. ಎಷ್ಟೋ ಹೊತ್ತು ಹೊಳೆ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ ಅತ್ತರು. ಮಗ ಹೋಗಿ ತಾಯಿಯ ಪಕ್ಕ ಕೂತ. ಆ ಮಗು ಹೋದ ಮೇಲೆ ಅವರಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು ಅಂತ ಆಮೇಲೆ ಅವನು ಹೇಳಿದ.

"ದಾಟಿಲ್ಲ" ಅಂದರು ಕೊನೆಗೆ. "ನನ್ನ ಸೊಸಿ ದಾಟಿಲ್ಲ. ನಾಳಿಗೇ ಕಳಿಸ್ರಿ."

ಬಳ್ಳಾರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಕಾಲು ನಿಲ್ಲದಷ್ಟು ಖುಷಿ. ಗೆದ್ದು ಬಂದವನ ಹಾಗೆ ಮನೆಗೆ ಬಂದೆ. ತಂಗಿ ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ತಲೆ ಒರೆಸುತ್ತಿದ್ದಳು. ಅವ್ವ ಬಾಗಿಲಿಗೆ ಬಂದು ನಿಂತಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ನೀನು ದಾಟಿಲ್ಲ, ಯಾರೂ ದಾಟಿಲ್ಲ, ಅದು ಇದೇ ದಂಡೆ, ಅತ್ತೆ ಕಣ್ಣಾರೆ ನೋಡಿ ಒಪ್ಪಿದ್ದಾರೆ, ನಾಳೆ ಹೊರಡು.

ಅವಳು ತಲೆ ಒರೆಸುತ್ತಲೇ ಇದ್ದಳು. ಆಮೇಲೆ ಕೈ ನಿಂತಿತು.

"ದಾಟಿಲ್ಲಂದ್ರ ಯಾತಕ್ಕ ಹೋತಣ್ಣಾ?"

ನಾನು ಅವ್ವನ ಮುಖ ನೋಡಿದೆ.

"ಹೊಳಿ ತಗೊಂತು ಅಂತ ತಿಳ್ಕೊಂಡಿದ್ನಿ" ಅಂದಳು ತಂಗಿ. "ಆ ದಂಡ್ಯಾಗ ಐತಿ ಅಂತ. ಗಂಗವ್ವನ ತಾವ ಐತಿ, ಆಕಿ ಸಾಕ್ತಾಳ ಅಂತ. ಈಗ ಎಲ್ಲೈತಿ ಅಂತ ತಿಳ್ಕೊಳ್ಳಲಿ?"

ಆಗ ಅತ್ತಳು. ಅಷ್ಟು ದಿನ ಅಳದವಳು. ನನ್ನ ಮಗಳೂ ಹೆದರಿ ಅವಳ ಜೊತೆಗೇ ಅತ್ತಳು. ಅವ್ವ ಮಗುವನ್ನು ಎತ್ತಿಕೊಳ್ಳಲು ಬಂದಳು. ತಂಗಿ ಕೊಡಲಿಲ್ಲ.

ಮರುದಿನ ಅವಳು ಕುರುಗೋಡಿಗೆ ಹೋದಳು. ಗಂಡ ಬಂದು ಒಳಗೆ ಕೂತು ಊಟ ಮಾಡಿ ಕರೆದುಕೊಂಡು ಹೋದ. ಅತ್ತೆಯವರು ಆಮೇಲೆ ಬದುಕಿರುವ ತನಕ ಸೊಸೆಗೆ ಒಂದು ಗಟ್ಟಿ ಮಾತು ಆಡಲಿಲ್ಲ. ಹಸಿರು ಸೀರೆಯನ್ನು ಬೇರೆ ಯಾವುದೋ ನೆಪ ಮಾಡಿ ಅವಳಿಗೇ ಉಡಿಸಿದರು. ಬಸುರು ಮತ್ತೆ ನಿಲ್ಲಲಿಲ್ಲ. ಕೇಳಿದವರಿಗೆ ಅತ್ತೆಯೇ ಮುಂದೆ ಬಂದು, ನಮ್ಮ ಸೊಸೆಯದೇನೂ ತಪ್ಪಿಲ್ಲ, ಯಾರದೂ ಏನೂ ತಪ್ಪಿಲ್ಲ ಅನ್ನುತ್ತಿದ್ದರಂತೆ. ಆ ಮಾತು ಬಂದಾಗಲೆಲ್ಲ ತಂಗಿ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು ಅಂತ ಅವಳ ಗಂಡ ನನಗೆ ಹೇಳಿದ್ದಾನೆ.

ಶೆಡ್ಡು ಇನ್ನೊಂದು ವರ್ಷ ನಡೆಯಿತು. ಆಮೇಲೆ ಬಳ್ಳಾರಿಗೆ ವಿಡಿಯೋ ಬಂತು. ಟೀ ಅಂಗಡಿಗಳಲ್ಲೂ ಬಣ್ಣದ ಸಿನಿಮಾ ಹಾಕತೊಡಗಿದರು. ಹಳೆಯ ರೀಲು ಗೀರು ಬಿದ್ದು, ಹೊಳೆಯ ತುಂಬ ಮಳೆ ಸುರಿದಂತೆ ಕಾಣುತ್ತಿತ್ತು. ಧಣಿಗಳು ಟ್ಯೂಬುಗಳ ಗಾಳಿ ಬಿಟ್ಟರು, ಹರಗೋಲನ್ನು ಸಿರುಗುಪ್ಪದ ಅಂಬಿಗನಿಗೇ ಕೊಟ್ಟು ಕಳಿಸಿದರು.

ಅದಾಗಿ ಕೆಲವು ವರ್ಷಗಳ ಮೇಲೆ ತಂಗಿ ಒಂದು ದಿನ ಒಬ್ಬಳೇ ಬಳ್ಳಾರಿಗೆ ಬಂದಳು. ಊಟ ಮಾಡಿ, ತಾಟು ತೊಳೆದಿಟ್ಟು, ನನ್ನ ಹತ್ತಿರ ಕೂತು ಕೇಳಿದಳು. ಆ ದಂಡೆ ಹೇಗಿದೆ ಅಂತ ನೀನೂ ನೋಡಿಲ್ಲ ಅಲ್ಲವಾ? ಇಲ್ಲ ಅಂದೆ. ಹೋಗೋಣ ನಡಿ ಅಂದಳು.

ಸಿರುಗುಪ್ಪದಲ್ಲಿ ಅಂಬಿಗ ಇನ್ನೂ ಇದ್ದ. ಕಣ್ಣು ಮಂಜಾಗಿತ್ತು, ತೋಳು ಮಾತ್ರ ಹಾಗೇ ಇತ್ತು. ನಾವು ಹತ್ತಿದ್ದು ನಮ್ಮ ಶೆಡ್ಡಿನ ಹರಗೋಲನ್ನೇ ಅಂತ ಅವನು ಹೇಳಿದ ಮೇಲೆ ನನಗೆ ಗೊತ್ತಾಯಿತು. ತಂಗಿ ನಡುವೆ ಕೂತಳು. ಬಂಡೆಯ ಹತ್ತಿರ ಅವನು ಅಭ್ಯಾಸಕ್ಕೆ ನನ್ನ ಮುಖ ನೋಡಿದ, ಸುತ್ತಿಸಲಾ ಅನ್ನುವ ಹಾಗೆ. ಬೇಡ ಅಂತ ತಲೆಯಾಡಿಸಿದೆ. ಬಂಡೆ ಹಿಂದೆ ಸರಿಯಿತು. ಅಲ್ಲಿಂದ ಮುಂದಿನ ನೀರು ನಾನೂ ಕಂಡದ್ದಲ್ಲ.

ಆಚೆ ದಂಡೆ ಬಂತು. ಕೆಸರು, ಜಾಲಿ ಗಿಡ, ಎಮ್ಮೆ ತುಳಿದ ಹೆಜ್ಜೆಗಳು, ಯಾರೋ ಬಟ್ಟೆ ಒಗೆದು ಬಿಟ್ಟುಹೋದ ಸೋಪಿನ ಕಾಗದ. ಅಷ್ಟೇ. ತಂಗಿ ಇಳಿದಳು. ನಿರಿಗೆ ಎತ್ತಿ ಹಿಡಿದು ಸ್ವಲ್ಪ ದೂರ ಜಾಲಿಯ ಮರೆಯ ತನಕ ನಡೆದಳು. ಅಲ್ಲಿ ನಿಂತು ಆ ಕಡೆ ಈ ಕಡೆ ನೋಡಿದಳು, ಮನೆಯಲ್ಲಿ ಏನೋ ಇಟ್ಟು ಮರೆತವರು ನೋಡುವ ಹಾಗೆ. ನಾನು ಹಿಂದೆ ಹೋಗಲಿಲ್ಲ. ಅಂಬಿಗನೂ ನಾನೂ ನೀರು ನೋಡುತ್ತ ನಿಂತೆವು.

ಅವಳು ತಿರುಗಿ ಬಂದು ಹರಗೋಲಿನ ಅಂಚು ಹಿಡಿದಳು.

"ಇಲ್ಲೂ ಇಲ್ಲಣ್ಣ" ಅಂದಳು. "ನಡಿ, ಹೊತ್ತಾತು."

ವಾಪಸು ಬರುವಾಗ ನಡುಹೊಳೆಯಲ್ಲಿ ಸೆರಗಿನ ಗಂಟು ಬಿಚ್ಚಿ ಕಾಸು ತೆಗೆದಳು. ಕೈಯಲ್ಲಿ ಹಿಡಿದು ನೀರನ್ನು ನೋಡಿದಳು. ಹಾಕಲಿಲ್ಲ. ಹುಣಸೆಮರದ ಹತ್ತಿರ ಇಳಿದಾಗ ಅದನ್ನು ಅಂಬಿಗನ ಅಂಗೈಯಲ್ಲಿಟ್ಟು, ಬೆರಳು ಮಡಚಿ, ದಂಡೆ ಹತ್ತಿ ಮುಂದೆ ನಡೆದಳು.